ಮೂರನೇ ಕೂಗು

ನಮ್ಮ ಎದುರುಮನೆಯ ಸಿಂಧುಗೆ ಕಂದಾಯ ಇಲಾಖೆಯಲ್ಲಿ ಕೆಲಸ ಸಿಕ್ಕಿತು. ಕುವೆಂಪುನಗರದ ನಮ್ಮ ರಸ್ತೆಗೆಲ್ಲ ಮೈಸೂರು ಪಾಕು ಹಂಚಿ, ಕೊನೆಗೆ ನಮ್ಮ ಮನೆಗೆ ಬಂದು, ಡಬ್ಬದ ತಳದಲ್ಲಿ ಉಳಿದಿದ್ದ ಮುರುಕನ್ನು ನನ್ನ ಕೈಗಿಟ್ಟು, “ಆಂಟಿ, ನೀವು ಅದೇ ಇಲಾಖೇಲಿ ಇದ್ರಲ್ಲ, ಕೆಲಸ ಹೇಗಿರುತ್ತೆ? ಪ್ರಮೋಷನ್ ಎಷ್ಟು ವರ್ಷಕ್ಕೆ ಕೊಡ್ತಾರೆ?” ಎಂದು ಕೇಳಿದಳು. ಪ್ರಮೋಷನ್ ವಿಚಾರವೆಲ್ಲ ಜ್ಯೇಷ್ಠತಾ ಪಟ್ಟಿಯಲ್ಲಿ ಇರುತ್ತದೆ ಕಣಮ್ಮ, ಅದನ್ನು ಓದಿ ಸುಖಪಟ್ಟವರನ್ನು ನಾನು ಕಾಣೆ, ಕೆಲಸ ಹೇಗಿರುತ್ತದೆ ಅನ್ನುವುದನ್ನು ಬೇಕಾದರೆ ಬರೆದುಕೊಡುತ್ತೇನೆ ಎಂದೆ. ಅವಳು ನಕ್ಕು ಹೋದಳು. ನಾನು ನಿಜವಾಗಿಯೂ ಬರೆಯುತ್ತೇನೆ ಎಂದು ಅವಳಿಗೆ ಗೊತ್ತಿರಲಿಲ್ಲ, ಪಾಪ.

ನನ್ನ ಹೆಸರು ಸರ್ವಮಂಗಳ. ಕಚೇರಿಯಲ್ಲಿ ಎಲ್ಲರಿಗೂ ಮಂಗಳಾ ಮೇಡಂ. ಗುಮಾಸ್ತೆಯಾಗಿ ಸೇರಿ ಶಿರಸ್ತೇದಾರ್ ಆಗಿ ಹೊರಗೆ ಬಂದೆ. ಯಾವ ಕಚೇರಿ ಎಂದು ಹೇಳುವುದಿಲ್ಲ. ಮೈಸೂರಿನಲ್ಲಿ ಎತ್ತರದ ಛಾವಣಿ, ಅಗಲ ಜಗಲಿ, ಮುಂದೆ ಒಂಬತ್ತು ಮೆಟ್ಟಿಲು ಇರುವ ಹಳೇ ಕಟ್ಟಡಗಳು ಬೇಕಾದಷ್ಟಿವೆ, ಅದರಲ್ಲಿ ಒಂದು ಎಂದುಕೊಂಡರೆ ಸಾಕು. ಮೆಟ್ಟಿಲು ಒಂಬತ್ತು ಎನ್ನುವುದನ್ನು ಮಾತ್ರ ನೆನಪಿಟ್ಟುಕೊಳ್ಳಿ.

ನನಗೆ ಕೆಲಸ ಕಲಿಸಿದವರು ರಂಗಸ್ವಾಮಿ ಎಂಬ ಶಿರಸ್ತೇದಾರರು. ಸೇರಿದ ದಿನವೇ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು, “ನೋಡಮ್ಮ, ಟಿಪ್ಪಣಿಯ ಕೊನೇ ಸಾಲು ಯಾವಾಗಲೂ ‘ಸೂಕ್ತ ಆದೇಶಕ್ಕಾಗಿ ಮಂಡಿಸಿದೆ’ ಅಂತಿರಲಿ. ಸೂಕ್ತ ಯಾವುದು ಅಂತ ಮಾತ್ರ ಬರೀಬೇಡ” ಎಂದರು. ಆ ಕಡತ ಸಾಹೇಬರ ಮೇಜಿಗೆ ಹೋಗುತ್ತಿತ್ತು. ಸಾಹೇಬರು ಅದರ ಮೇಲೆ ‘ಚರ್ಚಿಸಿ’ ಎಂದು ಬರೆಯುತ್ತಿದ್ದರು. ಚರ್ಚೆ ಅಂದರೆ ಕಾಫಿ. ಕಾಫಿ ಮುಗಿದ ಮೇಲೆ ಕಡತ ಹೋದ ದಾರಿಯಲ್ಲೇ ವಾಪಸು ಬರುತ್ತಿತ್ತು. ಹೀಗೆ ಓಡಾಡಿದ ಕಡತಗಳಿಗೆ ವಯಸ್ಸಾಗುತ್ತಿತ್ತೇ ಹೊರತು ಬುದ್ಧಿ ಬರುತ್ತಿರಲಿಲ್ಲ.

ನನ್ನ ಮೊದಲ ದೊಡ್ಡ ಎಡವಟ್ಟನ್ನೂ ಹೇಳಿಬಿಡುತ್ತೇನೆ. ಒಂದು ಜಮೀನಿನ ಕಡತಕ್ಕೆ ಕಾಗದ ಪೋಣಿಸುವಾಗ ಮೇಜಿನ ಮೇಲಿದ್ದ ಯಾರದೋ ಮದುವೆಯ ಕರೆಯೋಲೆಯನ್ನೂ ಸೇರಿಸಿ ಪೋಣಿಸಿಬಿಟ್ಟೆ. ಪುಟ ಸಂಖ್ಯೆಯನ್ನೂ ಹಾಕಿದೆ. ಆ ಕಡತ ಮೂವರು ಅಧಿಕಾರಿಗಳ ಕೈದಾಟಿತು. ಮೂವರೂ ಕರೆಯೋಲೆಯ ಮೇಲೆ ‘ನೋಡಿದೆ’ ಎಂದು ಬರೆದು ಸಹಿ ಹಾಕಿದ್ದರು. ಮೇಲ್ಮನವಿಗೆಂದು ದೃಢೀಕೃತ ನಕಲು ಕೊಟ್ಟಾಗ ವಕೀಲರೊಬ್ಬರು ಬಂದು, “ಮೇಡಂ, ಊಟಕ್ಕೆ ನಾವೂ ಬರಬಹುದಾ?” ಎಂದು ಕೇಳಿದ ಮೇಲೆಯೇ ನನಗೆ ಗೊತ್ತಾದದ್ದು. ಓದದೆ ಸಹಿ ಹಾಕುವ ಕಲೆ ಎಲ್ಲರಿಗೂ ಇದೆ ಎಂದು ಆಗ ನಗು ಬಂದಿತ್ತು. ಆ ಕಲೆ ನನಗೂ ಹತ್ತಿದೆ ಎಂಬುದು ತಿಳಿಯಲು ಇನ್ನೂ ಬಹಳ ವರ್ಷ ಬೇಕಾಯಿತು.

ಇನ್ನು ಬೋರಯ್ಯನ ವಿಚಾರ. ಬೋರಯ್ಯ ನಮ್ಮ ಕಚೇರಿಯ ದಲಾಯತ, ಅಂದರೆ ಸಾಹೇಬರ ಜವಾನ. ಖಾತೆ ತಕರಾರುಗಳ ವಿಚಾರಣೆ ಇರುವ ದಿನ ಸಾಹೇಬರು ಹಾಲ್‌ನಲ್ಲಿ ಕೂರುತ್ತಾರೆ, ಪಕ್ಕದಲ್ಲಿ ಆರ್ಡರ್ ಶೀಟ್ ಹಿಡಿದು ನಾನು. ಬೋರಯ್ಯ ಹಾಲ್‌ನ ಬಾಗಿಲಲ್ಲಿ ನಿಂತು ಅರ್ಜಿದಾರರ ಹೆಸರನ್ನು ಮೂರು ಸಲ ಕೂಗುತ್ತಾನೆ. ಮೂರು ಕೂಗಿಗೂ ಯಾರೂ ಬರದಿದ್ದರೆ ನಾನು ‘ಗೈರುಹಾಜರು’ ಎಂದು ಬರೆಯುತ್ತೇನೆ, ಮುಂದಿನ ಕೇಸು. ಮಹಾರಾಜರ ಕಾಲದಿಂದಲೂ ಇದೇ ಪದ್ಧತಿಯಂತೆ. ಕಾರ್ಬನ್ ಕಾಗದ ಹೋಗಿ ಜೆರಾಕ್ಸ್ ಬಂತು, ಜೆರಾಕ್ಸ್ ಹಿಂದೆ ಕಂಪ್ಯೂಟರ್ ಬಂತು, ಸುತ್ತೋಲೆಗಳು ವಾಟ್ಸಾಪಿನಲ್ಲಿ ಬರತೊಡಗಿದವು, ಬೋರಯ್ಯನ ಕೂಗು ಮಾತ್ರ ಬದಲಾಗಲಿಲ್ಲ. ಅವನ ಗಂಟಲಿಗೆ ಮೈಕು ಬೇಕಾಗಿರಲಿಲ್ಲ.

ಇಷ್ಟು ಪೀಠಿಕೆ ಹಾಕಿದ್ದು ಒಂದು ವಾರದ ಕಥೆ ಹೇಳುವುದಕ್ಕೆ. ನಾನು ನಿವೃತ್ತಳಾಗುವುದಕ್ಕೆ ಒಂದೆರಡು ವರ್ಷ ಇತ್ತು. ಮೈಸೂರಿನಲ್ಲಿ ಅಂತಾರಾಷ್ಟ್ರೀಯ ಮಾನವ ಹಕ್ಕುಗಳ ಸಭೆ ನಡೆಯುತ್ತದೆ ಎಂದು ಸುದ್ದಿ ಬಂತು. ಹೊರದೇಶಗಳಿಂದ ಪ್ರತಿನಿಧಿಗಳು ಬರುತ್ತಾರೆ, ದೊಡ್ಡ ಹೋಟೆಲಿನಲ್ಲಿ ಮೂರು ದಿನ ಮಾತಾಡುತ್ತಾರೆ, ನಡುವೆ ಒಂದು ದಿನ ಅರ್ಧ ಗಂಟೆ ಒಂದು ಸಾಧಾರಣ ಸರ್ಕಾರಿ ಕಚೇರಿಗೆ ಭೇಟಿ ಕೊಟ್ಟು, ಜನರಿಗೆ ಹಕ್ಕುಗಳು ಹೇಗೆ ಸಿಗುತ್ತವೆ ಎಂದು ಕಣ್ಣಾರೆ ನೋಡುತ್ತಾರೆ. ಸಾಧಾರಣ ಕಚೇರಿ ಎಂದು ಮೇಲಿನವರು ಆರಿಸಿದ್ದು ನಮ್ಮದನ್ನು. ಕಟ್ಟಡ ಫೋಟೋದಲ್ಲಿ ಚೆನ್ನಾಗಿ ಬರುತ್ತದೆ ಎನ್ನುವುದು ಕಾರಣ.

ಆಗ ನಮ್ಮ ಸಾಹೇಬರು ಸದಾಶಿವ ಎಂಬುವರು. ಒಳ್ಳೆಯ ಮನುಷ್ಯ, ಕೈ ಬಾಯಿ ಎರಡೂ ಶುದ್ಧ. ಆದರೆ ಫೋನ್ ಬಡಿದುಕೊಂಡರೆ ಕುರ್ಚಿಯಿಂದ ಎದ್ದು ನಿಲ್ಲುವಷ್ಟು ಮೇಲಿನವರ ಭಯ. ಯಾವ ಕಡತ ಒಯ್ದರೂ ಅವರದು ಒಂದೇ ಮಾತು: “ಮೇಡಂ, ನಮ್ಮ ಮೇಲೆ ಬರಬಾರ್ದು, ಅಷ್ಟೆ.” ಸಭೆಯ ಸುದ್ದಿ ಬಂದ ದಿನ ಆ ಮಾತನ್ನು ಎಷ್ಟು ಸಲ ಹೇಳಿದರೋ ಲೆಕ್ಕ ಇಟ್ಟವರಿಲ್ಲ.

ಮೊದಲ ಸುತ್ತೋಲೆ ‘ಅತಿ ತುರ್ತು’ ಎಂದು ಬಂತು. ಹಕ್ಕುಗಳಿಗೆ ಸಂಬಂಧಪಟ್ಟ ಸಾರ್ವಜನಿಕರ ಅರ್ಜಿ ಒಂದೂ ಬಾಕಿ ಇರಕೂಡದು, ಶನಿವಾರ ಸಂಜೆಯೊಳಗೆ ಬಾಕಿ ಸೊನ್ನೆ ಎಂದು ವರದಿ ಕಳಿಸಬೇಕು. ಸೊನ್ನೆ ಮಾಡುವ ವಿದ್ಯೆ ನನಗೆ ಕರಗತ. ಅರ್ಜಿಯನ್ನು ‘ಮುಂದಿನ ಕ್ರಮಕ್ಕಾಗಿ ವರ್ಗಾಯಿಸಿದೆ’ ಎಂದು ಬೇರೆ ಇಲಾಖೆಗೆ ಸಾಗಿಸಿದರೆ ನಮ್ಮ ಪುಸ್ತಕದಲ್ಲಿ ಅದು ವಿಲೇವಾರಿ ಆದಂತೆ. ಸೋಮವಾರ ಒಂದು ಕಟ್ಟು ಅರ್ಜಿಗಳಿಗೆ ಸಹಿ ಹಾಕಿ ಹಾಕಿ ಕಳಿಸಿದೆ. ರಸ್ತೆ ಎಂದಿದ್ದರೆ ಪಾಲಿಕೆಗೆ, ಗೋಡೆ ಎಂದಿದ್ದರೆ ಲೋಕೋಪಯೋಗಿಗೆ, ಕಣ್ಣೀರು ಎಂದಿದ್ದರೆ ಸಮಾಜ ಕಲ್ಯಾಣಕ್ಕೆ. ಮಧ್ಯಾಹ್ನದ ಊಟದ ಹೊತ್ತಿಗೆ ಮೇಜು ಖಾಲಿ. ಸಾಹೇಬರು ನನ್ನನ್ನು ಕರೆಸಿ ಮೆಚ್ಚಿ ಮಾತಾಡಿದರು.

ನನ್ನ ತಲೆಗೆ ಹೊಳೆಯದೇ ಹೋದದ್ದು ಏನೆಂದರೆ, ಅದೇ ಸುತ್ತೋಲೆ ಮೈಸೂರಿನ ಎಲ್ಲ ಕಚೇರಿಗಳಿಗೂ ಹೋಗಿತ್ತು, ಎಲ್ಲ ಕಚೇರಿಗಳಲ್ಲೂ ನನ್ನಂಥ ಒಬ್ಬ ಜಾಣೆ ಕೂತಿದ್ದಳು. ಶುಕ್ರವಾರ ಟಪಾಲು ಬಂದಾಗ ಬೋರಯ್ಯ ಎರಡು ಸಲ ಹೊತ್ತು ತಂದ. ನಾನು ಕಳಿಸಿದ್ದೆಲ್ಲ ಊರು ಸುತ್ತಿ ವಾಪಸಾಗಿತ್ತು, ಜೊತೆಗೆ ಬೇರೆಯವರ ಕಟ್ಟುಗಳೂ ಬಂದಿದ್ದವು. “ಮೇಡಂ, ಇವು ಮರಿ ಹಾಕ್ಬುಟ್ಟವೆ” ಎಂದ ಬೋರಯ್ಯ.

ಬೇರೆ ದಾರಿಯಿಲ್ಲದೆ ಅರ್ಜಿಗಳನ್ನು ಓದಲು ಕೂತೆ. ಸಿಂಧು, ಈ ಮಾತನ್ನು ಸರಿಯಾಗಿ ಕೇಳಿಸಿಕೋ: ಅಷ್ಟು ವರ್ಷ ಸರ್ವೀಸಾದ ಮೇಲೆ, ದಾರಿಯಿಲ್ಲದೆ ಓದಲು ಕೂತೆ. ಮೂರನೆಯದೋ ನಾಲ್ಕನೆಯದೋ ಅರ್ಜಿ ನೋಟ್‌ಬುಕ್ಕಿನಿಂದ ಹರಿದ ಗೆರೆ ಹಾಳೆಯಲ್ಲಿತ್ತು. ಅಂಗವಿಕಲರ ಕಲ್ಯಾಣ, ಲೋಕೋಪಯೋಗಿ, ಪಾಲಿಕೆ, ಹೀಗೆ ಮೂರು ಕಚೇರಿಗಳ ದುಂಡು ಮೊಹರು ಬಿದ್ದು ಅಕ್ಷರಗಳಿಗೆ ಜಾಗವೇ ಇರಲಿಲ್ಲ. ಮೊಹರುಗಳ ಸಂದಿಯಲ್ಲಿ ಹೀಗೆ ಬರೆದಿತ್ತು:

“ಸ್ವಾಮಿ, ತಾವು ನನ್ನನ್ನು ಎರಡು ಸಲ ಗೈರು ಎಂದು ಬರೆದಿದ್ದೀರಿ. ಎರಡು ಸಲವೂ ನಾನು ಬಂದಿದ್ದೆ. ಮೆಟ್ಟಿಲ ಕೆಳಗೆ ನನ್ನ ಗಾಡಿಯ ಮೇಲೆ ಕೂತಿದ್ದೆ. ಪೋಲಿಯೋದಿಂದ ನನ್ನ ಎರಡು ಕಾಲೂ ಹೋಗಿವೆ. ದಯಮಾಡಿ ನಾನು ಬಂದಿದ್ದೆ ಎಂದು ಬರೆಯಬೇಕಾಗಿ ಕೋರುತ್ತೇನೆ. ಇಂತಿ, ನಾಗರತ್ನ, ಹಿನಕಲ್.”

ಕೇಸಿನ ನಂಬರ್ ಹಿಡಿದು ಕಡತ ತೆಗೆಸಿದೆ. ಆರ್ಡರ್ ಶೀಟಿನಲ್ಲಿ ಎರಡು ಕಡೆ ‘ಗೈರುಹಾಜರು’ ಎಂದಿತ್ತು. ಎರಡೂ ನನ್ನ ಕೈಬರಹ, ದುಂಡಗೆ, ಒಂದು ಕೊಂಬೂ ಬಿಟ್ಟಿರಲಿಲ್ಲ. ಅದರ ಕೆಳಗೆ ಸಾಹೇಬರು ‘ಕೊನೆಯ ಅವಕಾಶ ನೀಡಿದೆ’ ಎಂದು ಬರೆದಿದ್ದರು. ಮುಂದಿನ ಸಲವೂ ಬರದಿದ್ದರೆ ಅವಳ ತಕರಾರು ವಜಾ. ನನಗೆ ಆ ಹೊತ್ತು ಆದದ್ದು ನಾಚಿಕೆ. ಬೇರೆ ಹೆಸರಿಟ್ಟು ಅದನ್ನು ದೊಡ್ಡದು ಮಾಡುವುದಿಲ್ಲ.

ಸಂಜೆ ಸ್ಕೂಟಿಯನ್ನು ಮನೆಗೆ ತಿರುಗಿಸದೆ ಹಿನಕಲ್ ಕಡೆ ಬಿಟ್ಟೆ. ಹಿನಕಲ್ ಈಗ ಊರೊಳಗೇ ಸೇರಿಹೋಗಿದೆ, ಆದರೆ ಒಳಗಿನ ಓಣಿಗಳಿಗೆ ಹೊಕ್ಕರೆ ಇನ್ನೂ ಹಸು ದಾರಿ ಬಿಡುವವರೆಗೆ ಕಾಯಬೇಕು. ‘ಸೀರೆಗೆ ಫಾಲ್ಸ್, ಜಿಗ್‌ಜಾಗ್ ಹಾಕಿಕೊಡಲಾಗುವುದು’ ಎಂಬ ಬೋರ್ಡಿನ ಪುಟ್ಟ ಅಂಗಡಿ. ಹೊರಗೆ ಪಕ್ಕದ ಚಕ್ರಗಳಿದ್ದ ಸ್ಕೂಟರ್. ಒಳಗೆ ಮೋಟಾರು ಹಾಕಿದ ಹೊಲಿಗೆ ಮಿಷನ್ ಮುಂದೆ ನಲವತ್ತರ ಆಸುಪಾಸಿನ ಹೆಂಗಸು. ನಾನು ಯಾರು ಎಂದು ಹೇಳಿದೆ.

“ನೀವೇನಾ ಗೈರು ಅಂತ ಬರ್ದೋರು?”

“ಹೌದಮ್ಮ, ನಾನೇ.”

“ಅಕ್ಷರ ಚೆನ್ನಾಗೈತೆ ಬುಡಿ.” ಮಿಷನ್ ನಿಲ್ಲಿಸಿ ಸ್ಟೂಲು ತೋರಿಸಿದಳು. “ಕೂತ್ಕೊಳಿ.”

“ಕೂಗಿದ್ದು ಕೇಳಿಸಲಿಲ್ವಾ?”

“ಬೋರಯ್ಯ ಕೂಗಿದ್ರೆ ಚಾಮುಂಡಿ ಬೆಟ್ಟದ ಮೇಲಿರೋರ್ಗೂ ಕೇಳುಸ್ತದೆ ಮೇಡಂ. ನಾನು ‘ಬಂದಿವ್ನಿ’ ಅಂದಿದ್ದು ನಿಮ್ಗೆ ಕೇಳುಸ್ಬೇಕಲ್ಲ? ಆ ಜೆರಾಕ್ಸ್ ಅಂಗ್ಡಿ, ಆ ಹಾರ್ನು. ಒಬ್ರ ಕೈಲಿ ಹೇಳಿ ಕಳ್ಸುದೆ. ಖುದ್ದು ಬರ್ಬೇಕಂತೆ ಅಂತ ವಾಪಸ್ ಬಂದ್ರು.”

“ಎತ್ಕೊಂಡು ಬರೋಕೆ ಯಾರೂ ಇರ್ಲಿಲ್ವೇನಮ್ಮ?”

“ಇದ್ದ, ನಮ್ಮಣ್ಣ. ‘ಎತ್ಕೊಂಡೋಗ್ಲಾ’ ಅಂದ.” ಹಲ್ಲಿನಿಂದ ದಾರ ಕಡಿದಳು. “ತಕರಾರು ಹಾಕಿರೋದೇ ಅವನ ಮೇಲೆ. ಅವನ ಹೆಗಲ ಮೇಲೆ ಕೂತ್ಕೊಂಡ್ ಬಂದು ಅವನ ಮೇಲೇ ಹೇಳ್ಲಾ?”

ಕಥೆ ಇಷ್ಟೆ. ಅಪ್ಪ ತೀರಿಹೋದ ಮೇಲೆ ಅಣ್ಣ ಜಮೀನಿನ ಖಾತೆಯನ್ನು ತನ್ನ ಹೆಸರಿಗೆ ಮಾಡಿಸಲು ಅರ್ಜಿ ಕೊಟ್ಟ. ಜೊತೆಗೆ ಕೊಟ್ಟ ವಂಶವೃಕ್ಷದಲ್ಲಿ ಅಪ್ಪನಿಗೆ ಒಬ್ಬನೇ ಮಗ ಎಂದು ಬರೆಸಿದ್ದ. ಅದು ಸುಳ್ಳಲ್ಲ, ಮಗ ಒಬ್ಬನೇ. ಮಗಳ ಮಾತೇ ಎತ್ತಿರಲಿಲ್ಲ. “ಜಮೀನು ಗಿಮೀನು ಆಮ್ಯಾಕೆ ನೋಡ್ಕೊಳವ ಮೇಡಂ” ಎಂದಳು ನಾಗರತ್ನ. “ನಮ್ಮಪ್ಪ ನನ್ನ ಎತ್ಕೊಂಡೇ ಏಳ್ನೇ ಕ್ಲಾಸ್ ಗಂಟ ಸ್ಕೂಲಿಗೆ ಬುಟ್ಟು ಬಂದೋನು. ನಾನು ಅವನ ಮಗಳು ಅಂತ ಒಂದು ಕಾಗ್ದದಲ್ಲಿ ಬರೀರಿ, ಸಾಕು.”

ಇತ್ತ ಕಚೇರಿಯಲ್ಲಿ ಮದುವೆಮನೆಯ ಸಡಗರ. ಗೋಡೆಗೆ ಬಣ್ಣ ಬಂತು, ಬಣ್ಣ ಒಣಗುವ ಮುಂಚೆ ಅದಕ್ಕೆ ಒರಗಿದ ಸರ್ವೇಯರ್ ಬೆನ್ನಿಗೂ ಬಂತು. ಎದುರಿನ ಕಡ್ಲೆಕಾಯಿ ಗಾಡಿಯವನನ್ನು ಪಕ್ಕದ ರಸ್ತೆಗೆ ಕಳಿಸಿ, ಅವನು ನಿಲ್ಲುತ್ತಿದ್ದ ಜಾಗದಲ್ಲಿ ‘ಎಲ್ಲರಿಗೂ ಬದುಕುವ ಹಕ್ಕಿದೆ’ ಎಂಬ ಬ್ಯಾನರ್ ಕಟ್ಟಿದರು. ಸುತ್ತೋಲೆಯ ಜೊತೆ ಬಂದಿದ್ದ ಪಟ್ಟಿಯಲ್ಲಿ ‘ನಡೆಯಲಾಗದವರಿಗೆ ಇಳಿಜಾರು ಹಾದಿ ಇದೆಯೇ?’ ಎಂಬ ಪ್ರಶ್ನೆಯಿತ್ತು. ‘ಇಲ್ಲ’ ಎಂದರೆ ನಮ್ಮ ಮೇಲೆ ಬರುತ್ತದೆ ಎಂದು ಸಾಹೇಬರು ‘ಇದೆ’ ಎಂದು ಬರೆದು ಮೊದಲೇ ಕಳಿಸಿಬಿಟ್ಟಿದ್ದರು. ಈಗ ‘ಇದೆ’ ಎಂದದ್ದನ್ನು ತೋರಿಸಬೇಕಲ್ಲ. ಶಾಮಿಯಾನದವರಿಗೆ ಹೇಳಿ ಮೆಟ್ಟಿಲ ಪಕ್ಕದಲ್ಲಿ ಹಲಗೆ, ಕಂಬಗಳಿಂದ ಒಂದು ಉದ್ದನೆಯ ಇಳಿಜಾರು ಕಟ್ಟಿಸಿ, ಮೇಲೆ ಕೆಂಪು ಕಾರ್ಪೆಟ್ ಹಾಸಿಸಿದರು. ಭೇಟಿಯ ಸಂಜೆಯೇ ಬಿಚ್ಚಿಕೊಂಡು ಹೋಗುವುದು ಎಂದು ಮಾತಾಯಿತು. ಮಾರನೇ ದಿನ ಅವೇ ಹಲಗೆಗಳು ಒಂದು ಕಲ್ಯಾಣ ಮಂಟಪದಲ್ಲಿ ಆರತಕ್ಷತೆಗೆ ಬೇಕಿದ್ದವು.

ನಾಗರತ್ನಳ ವಿಚಾರಣೆ ಇದ್ದದ್ದು ಭೇಟಿ ಮುಗಿದು ಐದು ದಿನಕ್ಕೆ. ನಾನು ಸಾಹೇಬರ ಮುಂದೆ ನಿಂತು, ಆ ಕೇಸನ್ನು ಭೇಟಿಯ ದಿನಕ್ಕೇ ಇಟ್ಟುಕೊಳ್ಳೋಣ ಎಂದೆ.

“ಮೇಡಂ, ಆ ದಿನ ಜನ ಇರಬಾರ್ದು ಅಂತಾನೇ ಅಲ್ವಾ ಇಷ್ಟೆಲ್ಲ ಒದ್ದಾಡ್ತಿರೋದು?”

“ಸಾರ್, ಅಷ್ಟು ಚೆಂದದ ಇಳಿಜಾರು ಕಟ್ಟಿಸಿದ್ದೀರಿ. ಅದರ ಮೇಲೆ ಹತ್ತಿ ತೋರಿಸೋಕೆ ಒಬ್ಬರಾದ್ರೂ ಬೇಕಲ್ಲ? ಬೋರಯ್ಯನ್ನ ಹತ್ತಿಸೋಕಾಗುತ್ತಾ?”

ಸಾಹೇಬರು ಬಿಸಿನೀರು ಕುಡಿದು ಯೋಚಿಸಿದರು. ಅತಿಥಿಗಳು ಹತ್ತೂವರೆಗೆ ಬಂದು ಇಳಿಜಾರನ್ನು ಉದ್ಘಾಟಿಸುವುದು, ಹನ್ನೊಂದಕ್ಕೆ ನಾಗರತ್ನ ಅದರ ಮೇಲೆ ಹತ್ತಿ ಬರುವುದು, ಅತಿಥಿಗಳ ಎದುರಿನಲ್ಲೇ ವಿಚಾರಣೆ ಎಂದು ತೀರ್ಮಾನವಾಯಿತು. ಎರಡೂ ಕಡೆಗೆ ನೋಟಿಸ್ ಹೋಯಿತು. ಹಿಂದಿನ ದಿನ ಒಂದು ತಾಲೀಮೂ ನಡೆಯಿತು. ಚಕ್ರದ ಕುರ್ಚಿ ಸಿಗದೆ ಸಾಹೇಬರ ತಿರುಗೋ ಕುರ್ಚಿಯಲ್ಲಿ ಬೋರಯ್ಯನನ್ನು ಕೂರಿಸಿ ಇಬ್ಬರು ತಳ್ಳಿದರು. ಬೋರಯ್ಯ ನಾಗರತ್ನಳ ಪಾತ್ರದಲ್ಲಿ ಎಷ್ಟು ಮುಳುಗಿದನೆಂದರೆ ಸಾಹೇಬರ ಮುಂದೆ ಕೈಮುಗಿದು, “ನಮ್ಮಣ್ಣ ಅನ್ಯಾಯ ಮಾಡವ್ನೆ ಸ್ವಾಮಿ” ಎಂದು ಗೋಳೋ ಎಂದ. ಸಾಹೇಬರು ಗಾಬರಿಯಾಗಿ, “ಸಾಕು ಸಾಕು, ನಾಳೆ ಇಷ್ಟು ಅಳೋದು ಬೇಡ” ಎಂದರು.

ಎಲ್ಲವನ್ನೂ ಯೋಚಿಸಿದ್ದೆವು. ಒಂದನ್ನು ಬಿಟ್ಟು. ಉದ್ಘಾಟನೆ ಎಂದ ಮೇಲೆ ರಿಬ್ಬನ್ ಬೇಕಲ್ಲ. ಬೆಳಿಗ್ಗೆ ಯಾರೋ ಶ್ರದ್ಧೆಯಿಂದ ಇಳಿಜಾರಿನ ಬುಡದಲ್ಲಿ ಈ ಕಂಬದಿಂದ ಆ ಕಂಬಕ್ಕೆ ಗುಲಾಬಿ ಬಣ್ಣದ ರಿಬ್ಬನ್ ಬಿಗಿದು, ನಡುವೆ ಹೂ ಮಾಡಿ, ಕಾವಲಿಗೆ ಒಬ್ಬ ಮಹಿಳಾ ಕಾನ್‌ಸ್ಟೇಬಲ್‌ಳನ್ನೂ ನಿಲ್ಲಿಸಿದ್ದರು. ಕತ್ತರಿ ಬೆಳ್ಳಿ ತಟ್ಟೆಯಲ್ಲಿ ಸಾಹೇಬರ ಕೋಣೆಯಲ್ಲಿ ಭದ್ರವಾಗಿತ್ತು.

ಹತ್ತೂವರೆ ಆಯಿತು. ಅತಿಥಿಗಳು ಬರಲಿಲ್ಲ. ಅವರನ್ನು ಬೆಳಿಗ್ಗೆ ದೇವಿಯ ದರ್ಶನಕ್ಕೆಂದು ಬೆಟ್ಟಕ್ಕೆ ಕರೆದೊಯ್ದಿದ್ದರು, ಇನ್ನೂ ಇಳಿದಿಲ್ಲ ಎಂದು ಫೋನ್ ಬಂತು. ಹತ್ತು ಮುಕ್ಕಾಲಿಗೆ ನಾಗರತ್ನ ಹಸಿರು ಸೀರೆ ಉಟ್ಟು ಸ್ಕೂಟರಿನಲ್ಲಿ ಬಂದು ರಿಬ್ಬನ್ ಮುಂದೆ ಗಾಡಿ ನಿಲ್ಲಿಸಿದಳು. ಹನ್ನೊಂದು ಹೊಡೆಯಿತು. ಹಾಲ್‌ನಲ್ಲಿ ಅಣ್ಣನ ಪರ ವಕೀಲರು ಎದ್ದು, “ನೋಟಿಸಿನಲ್ಲಿ ಹನ್ನೊಂದು ಗಂಟೆ ಇದೆ. ಕೇಸು ಕೂಗಿಸಿ. ಇಲ್ಲದಿದ್ದರೆ ನಾನು ಮೇಲಿನವರಿಗೆ ಬರೆಯಬೇಕಾಗುತ್ತೆ” ಎಂದರು. ಮೇಲಿನವರು ಎಂಬ ಒಂದು ಮಾತಿಗೆ ಸಾಹೇಬರು ಕರಗಿಹೋದರು. “ಬೋರಯ್ಯ, ಕೂಗು” ಎಂದರು.

ಬೋರಯ್ಯ ಬಾಗಿಲಲ್ಲಿ ನಿಂತು ಕೂಗಿದ. “ಹಿನಕಲ್ ನಾಗರತ್ನಾ... ಹಾಜರಿದ್ದೀರಾ...”

ಕೆಳಗಿನಿಂದ, “ಬಂದಿವ್ನಿ!” ಎಂದಿತು. ರಸ್ತೆ ಖಾಲಿ ಮಾಡಿಸಿದ್ದರಿಂದ ಆ ದಿನ ನಮಗೂ ಕೇಳಿಸಿತು. “ಖುದ್ದು ಹಾಜರಿ ಅಂದರೆ ತಮ್ಮ ಮುಂದೆ” ಎಂದರು ವಕೀಲರು.

ನಾನು ಜಗಲಿಗೆ ಓಡಿದೆ. ನಾಗರತ್ನ ಕಾನ್‌ಸ್ಟೇಬಲ್ ಜೊತೆ ವಾದಕ್ಕೆ ಇಳಿದಿದ್ದಳು. ಕಾನ್‌ಸ್ಟೇಬಲ್ ಪಾಪದ ಹುಡುಗಿ. “ಅಕ್ಕ, ನಾನೇನ್ ಮಾಡ್ಲಿ, ಉದ್ಘಾಟನೆ ಆಗೋಗಂಟ ಯಾರ್ನೂ ಬುಡಬೇಡ ಅಂದವ್ರೆ” ಎನ್ನುತ್ತಿದ್ದಳು. ನಡೆಯಲಾಗದವರಿಗೆಂದು ಕಟ್ಟಿದ ಹಾದಿ ಕಣ್ಣ ಮುಂದಿದೆ, ನಡೆಯಲಾಗದವಳು ಅದರ ಮುಂದಿದ್ದಾಳೆ, ನಡುವೆ ಒಂದು ಬೆರಳಗಲದ ರಿಬ್ಬನ್. ಹಿಂದಿನಿಂದ ಎರಡನೇ ಕೂಗು ಬಂತು. ಒಳಗೆ ನೋಡಿದೆ. ಸಾಹೇಬರು ಕಣ್ಣಲ್ಲೇ ಬೇಡುತ್ತಾ, “ಮೇಡಂ, ರಿಬ್ಬನ್ ಮುಟ್ಟಬೇಡಿ, ನಮ್ಮ ಮೇಲೆ ಬರುತ್ತೆ” ಎಂದರು. ಆರ್ಡರ್ ಶೀಟ್ ನನ್ನ ಕೈಯಲ್ಲಿತ್ತು. ಇನ್ನೊಂದು ಕೂಗಾದರೆ ಮೂರನೇ ಸಲವೂ ನಾನೇ ಅದೇ ದುಂಡಕ್ಷರದಲ್ಲಿ ಗೈರು ಎಂದು ಬರೆಯಬೇಕು, ಅವಳು ಅಪ್ಪನ ಮಗಳಲ್ಲ ಎಂದಾಗುತ್ತದೆ. 

ಬೋರಯ್ಯ ಮೂರನೇ ಕೂಗಿಗೆ ಉಸಿರು ತೆಗೆದುಕೊಂಡ. ತೆಗೆದುಕೊಂಡವನು ಅಲ್ಲೇ ಹಿಡಿದುಕೊಂಡು ನನ್ನ ಮುಖ ನೋಡಿದ.

“ಬೋರಯ್ಯ” ಎಂದೆ, “ಮೂರನೇದು ಇಲ್ಲಿಂದ ಬೇಡ. ಕೆಳಗೆ ಹೋಗಿ ಕೂಗು.”

ಅವನು ಒಂದು ಗಳಿಗೆಯೂ ಅನುಮಾನಿಸಲಿಲ್ಲ. ಹೆಗಲ ಮೇಲಿನ ದಲಾಯತನ ಕೆಂಪು ಪಟ್ಟಿ, ಅದರ ಹಿತ್ತಾಳೆ ಬಿಲ್ಲೆ ಸರಿಮಾಡಿಕೊಂಡು ಒಂಬತ್ತು ಮೆಟ್ಟಿಲನ್ನೂ ಒಂದೊಂದಾಗಿ ಇಳಿದು, ನಾಗರತ್ನಳಿಗೆ ಒಂದು ಮೊಳ ದೂರದಲ್ಲಿ ನಿಂತು, ಪೂರ್ತಿ ಗಂಟಲು ತೆಗೆದು ಕೂಗಿದ. “ಹಿನಕಲ್ ನಾಗರತ್ನಾ... ಹಾಜರಿದ್ದೀರಾ...”

“ಕಿವಿ ಹೋಯ್ತಲ್ಲ ಬೋರಯ್ಯ, ಇಲ್ಲೇ ಇವ್ನಿ!” ಎಂದು ಅವಳು ಎರಡೂ ಕಿವಿ ಮುಚ್ಚಿಕೊಂಡಳು.

ನಾನು ಜಗಲಿಯ ಕಂಬಕ್ಕೆ ಹಾಳೆ ಒತ್ತಿ ಹಿಡಿದು ‘ಹಾಜರು’ ಎಂದು ಬರೆದೆ. ವಕೀಲರು ಹಿಂದೆಯೇ ಬಂದು, ಮೆಟ್ಟಿಲ ಕೆಳಗೆ ಕೂಗಿದ್ದು ಕೂಗಲ್ಲ ಎಂದು ತಗಾದೆ ತೆಗೆದರು. “ಎಲ್ಲಿ ನಿಂತು ಕೂಗಬೇಕು ಅಂತ ಯಾವ ಸುತ್ತೋಲೆಯಲ್ಲಿದೆ ತೋರಿಸಿ ಸಾರ್, ತಿದ್ದಿಕೊಳ್ತೀನಿ” ಎಂದೆ. ಮಹಾರಾಜರ ಕಾಲದಿಂದ ಈವರೆಗೆ ಅದನ್ನು ಯಾರೂ ಬರೆದಿಡಲಿಲ್ಲ ಎಂಬುದು ನನಗೆ ಗೊತ್ತಿತ್ತು. ಕಾಗದಗಳ ನಡುವೆ ಅಷ್ಟು ವರ್ಷ ಕಳೆದದ್ದು ಅಷ್ಟಕ್ಕಾದರೂ ಬಂತು.

“ಹಾಜರಿ ಆಯ್ತಲ್ಲ ಮೇಡಂ? ಈಗ ಮೇಲೆ ಬರ್ಬೇಕು ತಾನೆ?” ನಾಗರತ್ನ ಚೀಲಕ್ಕೆ ಕೈಹಾಕಿ ತನ್ನ ದೊಡ್ಡ ಕತ್ತರಿ ತೆಗೆದಳು. ದರ್ಜಿಯ ಕತ್ತರಿ, ಒಂದೇ ಏಟು. ರಿಬ್ಬನ್ ಎರಡೂ ಕಡೆಗೆ ಜಾರಿತು. ಕಾನ್‌ಸ್ಟೇಬಲ್ ಹುಡುಗಿ ಆಕಾಶ ನೋಡುತ್ತಿದ್ದಳು. ಸ್ಕೂಟರ್ ಕೆಂಪು ಕಾರ್ಪೆಟ್ ಮೇಲೆ ಸದ್ದು ಮಾಡುತ್ತಾ ಹತ್ತಿ, ಜಗಲಿ ದಾಟಿ, ನೇರವಾಗಿ ಹಾಲ್ ಒಳಗೇ ಬಂದು ಸಾಹೇಬರ ಮೇಜಿನ ಮುಂದೆ ನಿಂತಿತು. ಸಾಹೇಬರು ಅಭ್ಯಾಸಬಲದಿಂದ ಎದ್ದು ನಿಂತರು.

ಎದ್ದು ನಿಂತವರು ಏನಾಯಿತೋ ಏನೋ, ಆ ದಿನ ಭಯಪಡುವುದನ್ನು ಸ್ವಲ್ಪ ಹೊತ್ತು ಮರೆತರು. ಅಣ್ಣನ ಕಡೆ ತಿರುಗಿ, “ಇವರು ಯಾರು?” ಎಂದು ಕೇಳಿದರು. ವಕೀಲರು ಬಾಯಿ ತೆರೆದರು. “ನಿಮ್ಮನ್ನಲ್ಲ, ಅವರನ್ನ ಕೇಳ್ತಿದ್ದೀನಿ” ಎಂದರು. ಅಣ್ಣ ಸ್ಕೂಟರಿನ ಚಕ್ರ ನೋಡಿದ, ತನ್ನ ಚಪ್ಪಲಿ ನೋಡಿದ. ಕೊನೆಗೆ ತಂಗಿಯ ಮುಖ ನೋಡಿದ.

“ನಮ್ ನಾಗಿ ಸ್ವಾಮಿ” ಎಂದ. “ನನ್ ತಂಗಿ.”

ಅದನ್ನು ಹೇಳಿದ ಹಾಗೇ ಬರೆದುಕೊಂಡೆ. ನಾಗರತ್ನ ಅಪ್ಪನ ಹೆಸರಿದ್ದ ಶಾಲೆಯ ಸರ್ಟಿಫಿಕೇಟ್ ಮುಂದಿಟ್ಟಳು. ಅವಳು ಆವರೆಗೆ ಆಡಿದ ಯಾವ ಮಾತಿಗೂ ದನಿ ಕುಗ್ಗಿಸಿರಲಿಲ್ಲ, ಸಹಿ ಹಾಕುವಾಗ ಮಾತ್ರ ಮೂಗು ಒರೆಸಿಕೊಂಡಳು. ನಾನೂ ಕನ್ನಡಕ ತೆಗೆದು ಒರೆಸಿದೆ.

ಅಷ್ಟರಲ್ಲಿ ದೂರದಲ್ಲಿ ಸೈರನ್ ಕೇಳಿಸಿತು. ಅತಿಥಿಗಳು! ಸಾಹೇಬರಿಗೆ ಭಯ ವಾಪಸು ಬಂತು. “ಮೇಡಂ, ರಿಬ್ಬನ್!” ಎಂದು ತಲೆಯ ಮೇಲೆ ಕೈಯಿಟ್ಟುಕೊಂಡರು. ಇನ್ನೊಂದು ತರಿಸಲು ಹೊತ್ತಿರಲಿಲ್ಲ.

“ಇತ್ತ ತನ್ನಿ ಸಾರ್” ಎಂದಳು ನಾಗರತ್ನ, ಸೂಜಿಗೆ ದಾರ ಪೋಣಿಸುತ್ತಾ. “ಫಾಲ್ಸ್ ಹಾಕೋವಷ್ಟು ಹೊತ್ತೂ ಬ್ಯಾಡ.”

ಇಳಿಜಾರಿನ ಬುಡಕ್ಕೆ ಮತ್ತೆ ಇಳಿದು, ಸ್ಕೂಟರ್ ಮೇಲೆ ಕೂತೇ ಅವಳು ರಿಬ್ಬನ್ ಹೊಲಿದಳು. ಹೊಲಿಗೆ ಎಲ್ಲಿದೆ ಎಂದು ನನಗೇ ಗೊತ್ತಾಗಲಿಲ್ಲ. ಅತಿಥಿಗಳ ಪೈಕಿ ಬಿಳಿ ಕೂದಲಿನ ಒಬ್ಬ ಹೆಂಗಸು ಬೆಳ್ಳಿ ತಟ್ಟೆಯ ಕತ್ತರಿಯಿಂದ ಅದನ್ನು ಎರಡನೇ ಸಲ ಕತ್ತರಿಸಿದಳು, ಎಲ್ಲರೂ ಚಪ್ಪಾಳೆ ತಟ್ಟಿದೆವು. ಆಮೇಲೆ ಅವಳು ಕಾರ್ಪೆಟ್ ಮೇಲಿನ ಮೂರು ಟೈರುಗಳ ಗುರುತು ತೋರಿಸಿ, ಮೊದಲೇ ಯಾರೋ ಹತ್ತಿದ್ದಾರಲ್ಲ ಎಂದು ದುಭಾಷಿಯ ಕೈಲಿ ಕೇಳಿಸಿದಳು.  ನಾಗರತ್ನಳೇ ಉತ್ತರ ಕೊಟ್ಟಳು: “ಹೂಂ, ನಂಗೆ ಟೈಮ್ ಆಗೋಗಿತ್ತು ಅಂತ ಹೇಳಿ.” ದುಭಾಷಿ ಏನು ಹೇಳಿದನೋ, ಆ ಹೆಂಗಸು ನಗುತ್ತಾ ಬಂದು ಇವಳ ಕೈ ಹಿಡಿದುಕೊಂಡಳು. ಅದೇ ಫೋಟೋ ಸಭೆಯ ಪುಸ್ತಕದಲ್ಲಿ ಬಂತು.

ಸಂಜೆ ಶಾಮಿಯಾನದವರು ಬಂದು ಹಲಗೆ ಬಿಚ್ಚಿಕೊಂಡು ಹೋದರು. ಮುಂದಿನ ತಿಂಗಳು ನಾಗರತ್ನಳ ಹೆಸರು ವಂಶವೃಕ್ಷದಲ್ಲೂ ಖಾತೆಯಲ್ಲೂ ಸೇರಿತು. ನನಗೆ ಮಾತ್ರ ಆ ಖಾಲಿ ಜಾಗ ನೋಡಿದಾಗಲೆಲ್ಲ ಇರುಸುಮುರುಸು. ಒಂದು ದಿನ ಪುಸ್ತಕದ ಆ ಪುಟವನ್ನು ಕಡತಕ್ಕೆ ಪೋಣಿಸಿ, ಈ ಸಲ ಬೇಕೆಂದೇ ಪೋಣಿಸಿ, ಒಂದು ಟಿಪ್ಪಣಿ ಬರೆದೆ. ‘ನಮ್ಮ ಕಚೇರಿಯಲ್ಲಿ ಇಳಿಜಾರು ಹಾದಿ ಇದೆ ಎಂದು ವರದಿ ಮಾಡಲಾಗಿದೆ, ಫೋಟೋ ಮುದ್ರಣವಾಗಿದೆ. ಸ್ಥಳದಲ್ಲಿ ಹಾದಿ ಕಂಡುಬರುತ್ತಿಲ್ಲ. ವರದಿ ತಪ್ಪೆಂದು ಮೇಲಿನವರಿಗೆ ಬರೆಯುವುದೇ, ಅಥವಾ ಹಾದಿ ಕಟ್ಟಿಸುವುದೇ?’ ರಂಗಸ್ವಾಮಿಯವರ ಮಾತು ಮೀರಿ ಕೊನೆಗೆ ಇನ್ನೊಂದು ಸಾಲು ಸೇರಿಸಿದೆ: ‘ಕಟ್ಟಿಸುವುದು ಸೂಕ್ತ.’ ಸಾಹೇಬರು ‘ಚರ್ಚಿಸಿ’ ಎಂದು ಬರೆದರು. ಕಾಫಿ ಬಂತು. “ತಪ್ಪು ಅಂತ ಬರೆದ್ರೆ ನಮ್ಮ ಮೇಲೆ ಬರುತ್ತಲ್ವಾ ಮೇಡಂ?” ಎಂದರು. “ಖಂಡಿತ ಬರುತ್ತೆ ಸಾರ್” ಎಂದೆ. ಆ ಬೇಸಿಗೆಯಲ್ಲೇ ಸಿಮೆಂಟಿನ ಇಳಿಜಾರು ಎದ್ದಿತು. ಕೊಂಚ ಕಡಿದಾಗಿದೆ, ಆದರೆ ಇದೆ.

ಇಳಿಜಾರು ಬಂದ ಮೇಲೂ ಬೋರಯ್ಯ ಎರಡು ಸಲ ಬಾಗಿಲಲ್ಲಿ ಕೂಗಿ, ಮೂರನೆಯದಕ್ಕೆ ಮೆಟ್ಟಿಲಿಳಿದು ಹೋಗುವುದನ್ನು ಬಿಡಲಿಲ್ಲ. ಈಗ ಯಾಕೋ ಇದು, ಮಂಡಿ ನೋವು ಬೇರೆ ಅಂತೀಯ ಎಂದು ಕೇಳಿದ್ದಕ್ಕೆ, “ಇರ್ಲಿ ಬುಡಿ ಮೇಡಂ, ಯಾರಾರ ಕೂತಿದ್ರೆ?” ಎಂದ. ನಾನು ನಿವೃತ್ತಳಾದೆ, ವರ್ಷದ ಮೇಲೆ ಅವನೂ ಆದ. ಸದಾಶಿವ ಸಾಹೇಬರಿಗೆ ಅದಕ್ಕೂ ಮೊದಲೇ ವರ್ಗವಾಗಿತ್ತು.

ಹೋದ ತಿಂಗಳು ಒಂದು ನಕಲು ಬೇಕಾಗಿ ಆ ಕಚೇರಿಗೆ ಹೋಗಿದ್ದೆ. ಪರಿಚಯದ ಮುಖ ಒಂದೂ ಇರಲಿಲ್ಲ. ವಿಚಾರಣೆಯ ದಿನ. ಮಧ್ಯವಯಸ್ಸಿನ ಹೆಂಗಸೊಬ್ಬಳು ದಲಾಯತಳಾಗಿ ಬಂದಿದ್ದಾಳೆ, ಬೋರಯ್ಯನ ಬಿಲ್ಲೆ ಈಗ ಅವಳ ಹೆಗಲ ಮೇಲೆ. ಬಾಗಿಲಲ್ಲಿ ನಿಂತು ಯಾರದೋ ಹೆಸರನ್ನು ಎರಡು ಸಲ ಕೂಗಿದಳು. ಆಮೇಲೆ ಸೆರಗು ಸಿಕ್ಕಿಸಿಕೊಂಡು ಮೆಟ್ಟಿಲಿಳಿಯತೊಡಗಿದಳು.  ನಾನೂ ಜೊತೆಗೇ ಇಳಿಯುತ್ತಾ, ಯಾಕಮ್ಮ ಕೆಳಗೆ ಹೋಗ್ತೀಯ ಎಂದು ಕೇಳಿದೆ.

“ಗೊತ್ತಿಲ್ಲ ಕಣಮ್ಮ” ಎಂದಳು. “ಮೊದ್ಲಿಂದ್ಲೂ ಇಲ್ಲಿ ಅಂಗೇಯ. ಮೂರ್ನೇದು ಕೆಳಗೇ ಕೂಗ್ಬೇಕು.”

ಸಿಂಧು, ಇದಕ್ಕೆ ಯಾವ ಆದೇಶವೂ ಇಲ್ಲ, ಸುತ್ತೋಲೆಯೂ ಇಲ್ಲ. ಹುಡುಕಬೇಡ. ಆ ಹೆಂಗಸು ಕೊನೆಯ ಮೆಟ್ಟಿಲಿಳಿದು ನಿಂತು ಮೂರನೇ ಸಲ ಕೂಗಿದಳು. ಜೆರಾಕ್ಸ್ ಅಂಗಡಿಯ ಪಕ್ಕದ ಕಲ್ಲಿನ ಮೇಲೆ ಕೋಲು ಹಿಡಿದು ಕೂತಿದ್ದ ಮುದುಕಪ್ಪನೊಬ್ಬ ತಲೆಯೆತ್ತಿ, ಕಿವಿಗೆ ಕೈ ಕೊಟ್ಟು, “ಇಲ್ಲಿವ್ನಿ ಕಣವ್ವ, ಇಲ್ಲೇ ಇವ್ನಿ” ಎಂದ.